ಒಂದು ಪೆಟ್ಟಿಗೆ, ಎರಡು ಗಡಿಯಾರ

‘ಎಚ್ಚರಿಕೆ: ಕಾಲ ಹಿಂದಕ್ಕೆ ಹೋಗುತ್ತಿದೆ.’

ಹಾಸನದ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯ ಕಚೇರಿಯಲ್ಲಿ, ಹಳೆಯ ಲಿನಕ್ಸ್ ಸರ್ವರಿನ ಪರದೆಯ ಮೇಲೆ ಈ ಅರ್ಥದ ಇಂಗ್ಲಿಷ್ ಸಾಲು ಮೂಡಿತು. ನಾನು ಕೊಟ್ಟಿದ್ದು ಪಿಂಗ್ ಎಂಬ ಸಾದಾ ಆಜ್ಞೆ. ಪಕ್ಕದ ಕಂಪ್ಯೂಟರಿಗೆ ಚಿಕ್ಕ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ತಿಳಿಸುವುದಷ್ಟೇ ಅದರ ಕೆಲಸ. ಈ ಯಂತ್ರದ ಲೆಕ್ಕದಲ್ಲಿ ಪ್ರಶ್ನೆ ಹೊರಡುವ ಮೊದಲೇ ಉತ್ತರ ಬಂದುಬಿಟ್ಟಿತ್ತು.

ನನ್ನನ್ನು ಕರೆಸಿದ್ದು ವೇಬ್ರಿಡ್ಜ್‌ನ ತೂಕದ ಚೀಟಿಗಳಿಗಾಗಿ. ಲಾರಿಗಳ ತೂಕ ದಾಖಲಾಗುವ ಕಡತದಲ್ಲಿ ಕ್ರಮಸಂಖ್ಯೆ ಮುಂದೆ ಸಾಗಿದರೂ ಸಮಯ ಆಗಾಗ ಹಿಂದೆ ಸರಿಯುತ್ತಿತ್ತು. ಒಂದು ಸಾಲಿನಲ್ಲಿ 10:17:42, ಅದರ ಕೆಳಗೆ 10:17:41. ‘ಇಂಟರ್‌ನೆಟ್ ಸರಿಯಿಲ್ಲ ಸರ್, ಅದಕ್ಕೇ ಗಡಿಯಾರ ಕೆಡುತ್ತಿದೆ’ ಎಂದರು ಅಲ್ಲಿನ ಗುಮಾಸ್ತರು. ನಾನೂ ಹಾಗೆಯೇ ಎಣಿಸಿ ಅರ್ಧ ದಿನ ಕೇಬಲ್, ಸ್ವಿಚ್, ಮೋಡೆಮ್‌ಗಳ ಹಿಂದೆ ಬಿದ್ದೆ. ತಪ್ಪು ಅಲ್ಲಿರಲಿಲ್ಲ.

ಕಂಪ್ಯೂಟರುಗಳು ಜಾಲದ ಮೂಲಕ ಸಮಯ ಹೊಂದಿಸಿಕೊಳ್ಳುವ ವಿಧಾನಕ್ಕೆ ಎನ್‌ಟಿಪಿ ಎಂದು ಹೆಸರು. ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಅದರ ಜೀವಾಳ ನಾಲ್ಕು ಸಮಯಗಳು. ನಮ್ಮ ಯಂತ್ರದಿಂದ ಪ್ರಶ್ನೆ ಹೊರಟಾಗ ನಮ್ಮ ಗಡಿಯಾರದಲ್ಲಿ 0 ಮಿಲಿಸೆಕೆಂಡ್ ಎಂದುಕೊಳ್ಳಿ. ಸಮಯ ಹೇಳುವ ಯಂತ್ರಕ್ಕೆ ಅದು ತಲುಪಿದಾಗ ಅಲ್ಲಿನ ಗಡಿಯಾರದಲ್ಲಿ 70, ಅಲ್ಲಿಂದ ಉತ್ತರ ಹೊರಟಾಗ 72. ಉತ್ತರ ನಮ್ಮ ಕೈಗೆ ಬಂದಾಗ ನಮ್ಮ ಗಡಿಯಾರದಲ್ಲಿ 42. ಒಟ್ಟು 42ರಲ್ಲಿ ಅಲ್ಲಿ ತಂಗಿದ್ದ 2 ಕಳೆದರೆ ದಾರಿಗೆ ಹಿಡಿದದ್ದು 40, ಅಂದರೆ ಹೋಗಲು 20, ಬರಲು 20. ಹಾಗಿದ್ದರೆ ಪ್ರಶ್ನೆ ಅಲ್ಲಿಗೆ ತಲುಪಿದಾಗ ನಮ್ಮ ಗಡಿಯಾರದಲ್ಲಿ 20 ಆಗಿರಬೇಕು, ಅಲ್ಲಿ ಮಾತ್ರ 70. ನಾವು 50 ಮಿಲಿಸೆಕೆಂಡ್ ಹಿಂದಿದ್ದೇವೆ. ಇಷ್ಟು ಸರಳವಾದ ಗಣಿತದಿಂದ ಜಗತ್ತಿನ ಕಂಪ್ಯೂಟರುಗಳು ಒಂದೇ ಹೊತ್ತು ತೋರಿಸುತ್ತವೆ ಎಂಬುದು ನನಗೆ ಇವತ್ತಿಗೂ ಬೆರಗು.

ಈ ಲೆಕ್ಕ ಎರಡು ನಂಬಿಕೆಗಳ ಮೇಲೆ ನಿಂತಿದೆ. ಒಂದು, ಹೋಗುವ ಹೊತ್ತೂ ಬರುವ ಹೊತ್ತೂ ಸಮ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ತುಂಬಿದ ಲಾರಿಗೂ ಹತ್ತಿ ಬರುವ ತುಂಬಿದ ಲಾರಿಗೂ ಒಂದೇ ಹೊತ್ತು ಹಿಡಿಯುವುದಿಲ್ಲ. ಜಾಲದಲ್ಲೂ ಹಾಗಾದಾಗ ಆ ವ್ಯತ್ಯಾಸದ ಅರ್ಧದಷ್ಟು ತಪ್ಪು ಲೆಕ್ಕದೊಳಗೆ ಸೇರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ತೊಡಕು. ಎರಡನೆಯ ನಂಬಿಕೆ ಎಷ್ಟು ಸಹಜವೆಂದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲನೆಯ ಸಮಯವನ್ನೂ ನಾಲ್ಕನೆಯ ಸಮಯವನ್ನೂ ಒಂದೇ ಗಡಿಯಾರ ನೋಡಿ ಬರೆದಿರಬೇಕು. ಮನೆಯಿಂದ ಹೊರಡುವಾಗ ಅಡುಗೆಮನೆಯ ಗಡಿಯಾರ, ಹಿಂದಿರುಗಿದಾಗ ಹಜಾರದ ಗಡಿಯಾರ ನೋಡಿದರೆ, ಸಂತೆಗೆ ಹೋಗಿ ಬರಲು ಎಷ್ಟು ಹೊತ್ತಾಯಿತೆಂದು ಹೇಳುವುದು ಹೇಗೆ?

1993ರಲ್ಲಿ ಬಂದ ಪೆಂಟಿಯಂ ಪ್ರೊಸೆಸರಿನೊಳಗೆ ಟಿಎಸ್‌ಸಿ ಎಂಬ ಎಣಿಕೆ ಯಂತ್ರವಿತ್ತು. ಪ್ರೊಸೆಸರಿನ ಪ್ರತಿ ಮಿಡಿತಕ್ಕೂ ಅದು ಒಂದೊಂದು ಕೂಡಿಸುತ್ತ ಹೋಗುತ್ತದೆ. ಓದುವುದು ಬಲು ಬೇಗ, ಅಳತೆ ಬಲು ಸೂಕ್ಷ್ಮ. ಹಾಗಾಗಿ ಕಾರ್ಯಾಚರಣೆ ವ್ಯವಸ್ಥೆಗಳು ಅದನ್ನೇ ಗಡಿಯಾರ ಮಾಡಿಕೊಂಡವು. ಪ್ರೊಸೆಸರ್ ಒಂದೇ ಇದ್ದಾಗ, ಅದು ಒಂದೇ ವೇಗದಲ್ಲಿ ಓಡುತ್ತಿದ್ದಾಗ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ಒಂದೇ ಯಂತ್ರಕ್ಕೆ ಎರಡು, ನಾಲ್ಕು ಪ್ರೊಸೆಸರುಗಳು ಬಂದವು. ಒಂದೊಂದಕ್ಕೂ ತನ್ನದೇ ಎಣಿಕೆ. ಜೊತೆಗೆ ವಿದ್ಯುತ್ ಉಳಿತಾಯವೂ ಬಂತು. ಕೆಲಸವಿಲ್ಲದಾಗ ಪ್ರೊಸೆಸರ್ ಸೆಕೆಂಡಿಗೆ 200 ಕೋಟಿ ಮಿಡಿತದಿಂದ 100 ಕೋಟಿಗೆ ಇಳಿಯುತ್ತದೆ, ಅದರ ಎಣಿಕೆಯೂ ನಿಧಾನವಾಗುತ್ತದೆ. ಒಂದೇ ಪ್ರೋಗ್ರಾಮ್ ಈಗ ಒಂದು ಪ್ರೊಸೆಸರಿನಲ್ಲಿ, ಮರುಗಳಿಗೆ ಇನ್ನೊಂದರಲ್ಲಿ ಓಡಬಹುದು, ಆಗ ಅದು ನೋಡುವ ಗಡಿಯಾರವೂ ಬೇರೆಯಾಗುತ್ತದೆ. 2005ರ ಸುಮಾರಿಗೆ ಬಂದ ಎಎಂಡಿ ಕಂಪನಿಯ ಜೋಡಿ ಪ್ರೊಸೆಸರುಗಳಲ್ಲಿ ಈ ತೊಂದರೆ ಕುಖ್ಯಾತವಾಗಿತ್ತು. ಈ ಕಚೇರಿಯಲ್ಲಿದ್ದದ್ದೂ ಅದೇ ಪೀಳಿಗೆಯ ಯಂತ್ರ. ಇತ್ತೀಚಿನ ಪ್ರೊಸೆಸರುಗಳಲ್ಲಿ ಟಿಎಸ್‌ಸಿ, ಮಿಡಿತ ಏರಲಿ ಇಳಿಯಲಿ, ಒಂದೇ ವೇಗದಲ್ಲಿ ಎಣಿಸುತ್ತದೆ.

ಜಾಲ ನಿರ್ದೋಷಿ ಎಂದು ನನಗೆ ಮನವರಿಕೆ ಮಾಡಿದ್ದು 377 ಎಂಬ ಒಂದು ಸಂಖ್ಯೆ. ಎನ್‌ಟಿಪಿಯ ವರದಿಯಲ್ಲಿ ‘ರೀಚ್’ ಎಂಬ ಕಂಬಸಾಲಿನಲ್ಲಿ ಅದು ಕಾಣುತ್ತದೆ. ಎಂಟರ ಪದ್ಧತಿಯಲ್ಲಿ ಬರೆದ ಈ ಸಂಖ್ಯೆಯನ್ನು ಎರಡರ ಪದ್ಧತಿಗೆ ಬಿಡಿಸಿದರೆ ಸಾಲಾಗಿ ಎಂಟು ಒಂದುಗಳು ಸಿಗುತ್ತವೆ. ಅಂದರೆ ಕಳೆದ ಎಂಟು ಸಲ ಕೇಳಿದಾಗ ಎಂಟೂ ಸಲ ಉತ್ತರ ಬಂದಿದೆ. ಉತ್ತರ ತಪ್ಪದೆ ಬರುತ್ತಿದ್ದರೂ ಸಮಯದ ವ್ಯತ್ಯಾಸ ಮಾತ್ರ ಒಮ್ಮೆ ಅತ್ತ, ಒಮ್ಮೆ ಇತ್ತ ಜಿಗಿಯುತ್ತಿತ್ತು.

ಸಾಮಾನ್ಯವಾಗಿ ಎನ್‌ಟಿಪಿ ಗಡಿಯಾರವನ್ನು ಮೆಲ್ಲನೆ ತಿದ್ದುತ್ತದೆ. ಅದರ ಮಿತಿ ದಶಲಕ್ಷಕ್ಕೆ 500 ಭಾಗ, ಅಂದರೆ ದಿನಕ್ಕೆ 43 ಸೆಕೆಂಡು. ವ್ಯತ್ಯಾಸ 128 ಮಿಲಿಸೆಕೆಂಡ್ ದಾಟಿ ಕೆಲವು ನಿಮಿಷ ಹಾಗೆಯೇ ಉಳಿದರೆ ಮಾತ್ರ ಗಡಿಯಾರವನ್ನು ಒಮ್ಮೆಗೇ ಎತ್ತಿ ಸರಿಯಾದ ಹೊತ್ತಿಗೆ ಇಡುತ್ತದೆ. 128 ಮಿಲಿಸೆಕೆಂಡ್ ಎಂದರೆ, ಹೆಚ್ಚುಕಡಿಮೆ, ಇದೇ ಊರಿನಲ್ಲಿರುವ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ ಹೊರಟ ರೇಡಿಯೊ ಸಂಕೇತ 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹವನ್ನು ಮುಟ್ಟುವ ಹೊತ್ತು. ಈ ಸರ್ವರ್ ಆ ಗೆರೆಯನ್ನು ದಿನಕ್ಕೆ ಹಲವು ಬಾರಿ ದಾಟುತ್ತಿತ್ತು.

ಕೊನೆಗೆ ಮಾಡಿದ ಪರೀಕ್ಷೆ ಒಂದು ನಿಮಿಷದ್ದು. ಟಾಸ್ಕ್‌ಸೆಟ್ ಎಂಬ ಆಜ್ಞೆಯಿಂದ ಪಿಂಗ್ ಅನ್ನು ಒಂದೇ ಪ್ರೊಸೆಸರಿಗೆ ಕಟ್ಟಿಹಾಕಿದೆ. ಎಚ್ಚರಿಕೆಯ ಸಾಲು ಮಾಯವಾಯಿತು. ಕಟ್ಟು ಬಿಚ್ಚಿದೆ, ಸಾಲು ಮರಳಿ ಬಂತು. ಮೂರು ಸಲ ಹಾಗೆಯೇ ಮಾಡಿ ಗುಮಾಸ್ತರಿಗೂ ತೋರಿಸಿದೆ. ‘ಹಾಗಾದರೆ ಇದರೊಳಗೆ ಎರಡು ಗಡಿಯಾರ ಇವೆಯಾ ಸರ್?’ ಎಂದು ಅವರು ಕೇಳಿದ್ದು ನಾನು ಅರ್ಧ ದಿನ ಹುಡುಕಿದ ಉತ್ತರವೇ ಆಗಿತ್ತು.

ಪರಿಹಾರ ಬಹಳ ಚಿಕ್ಕದು. ಟಿಎಸ್‌ಸಿ ಬಿಟ್ಟು ಮದರ್‌ಬೋರ್ಡಿನ ಮೇಲಿರುವ ಎಸಿಪಿಐ ಗಡಿಯಾರವನ್ನು ಬಳಸುವಂತೆ ಯಂತ್ರ ಶುರುವಾಗುವಾಗಲೇ ಸೂಚನೆ ಕೊಟ್ಟರಾಯಿತು. ಅದನ್ನು ಓದಲು ಟಿಎಸ್‌ಸಿಗಿಂತ ಬಹಳ ಹೆಚ್ಚು ಹೊತ್ತು ಬೇಕು, ಆದರೆ ಅದು ಇಡೀ ಯಂತ್ರಕ್ಕೆ ಒಂದೇ. ಯಾವ ಪ್ರೊಸೆಸರ್ ಕೇಳಿದರೂ ಒಂದೇ ಉತ್ತರ. ಅದರ ಮಿಡಿತ ಸೆಕೆಂಡಿಗೆ 35,79,545. ಈ ವಿಚಿತ್ರ ಸಂಖ್ಯೆಯ ಮೂಲ ಅಮೆರಿಕದ ಬಣ್ಣದ ಟಿವಿ! 1953ರಲ್ಲಿ ಒಪ್ಪಿಗೆಯಾದ ಅಲ್ಲಿನ ಟಿವಿ ಪದ್ಧತಿಯಲ್ಲಿ ಬಣ್ಣವನ್ನು ಹೊರುವ ಅಲೆಯ ಕಂಪನ ಇಷ್ಟೇ. ಅದರ ನಾಲ್ಕರಷ್ಟು ಮಿಡಿಯುವ ಸ್ಫಟಿಕವನ್ನು 1981ರ ಐಬಿಎಂ ಪಿಸಿಗೆ ಹಾಕಿದರು, ಪೀಳಿಗೆಯಿಂದ ಪೀಳಿಗೆಗೆ ಅದು ಇಳಿದು ಬಂತು. ಹಾಸನದಲ್ಲಿ ಕಾಫಿ ಲಾರಿಯ ತೂಕದ ಹೊತ್ತು ಹೇಳುವುದು ಅದೇ ಮಿಡಿತ.

ಇನ್ನೊಂದು ಕೆಲಸ ಉಳಿದಿತ್ತು. ನಮ್ಮ ಗಡಿಯಾರ ಎಷ್ಟು ಓಡುತ್ತದೆ, ಎಷ್ಟು ಕುಂಟುತ್ತದೆ ಎಂದು ತಾನು ಕಲಿತದ್ದನ್ನು ಎನ್‌ಟಿಪಿ ‘ಡ್ರಿಫ್ಟ್’ ಎಂಬ ಪುಟ್ಟ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸುಳ್ಳು ಗಡಿಯಾರದಿಂದ ಕಲಿತ ಪಾಠ ಹೊಸ ಗಡಿಯಾರಕ್ಕೆ ಹೊಂದುವುದಿಲ್ಲ. ಅದನ್ನು ಅಳಿಸಿ, ಮತ್ತೆ ಮೊದಲಿನಿಂದ ಕಲಿಯಲು ಬಿಟ್ಟೆ. ಮರುದಿನ ಬೆಳಗ್ಗೆ ವ್ಯತ್ಯಾಸ ಮೂರು ಮಿಲಿಸೆಕೆಂಡಿನೊಳಗೆ ನಿಂತಿತ್ತು.

ಡಿಸೆಂಬರಿನಲ್ಲಿ ಮತ್ತೊಮ್ಮೆ ಅಲ್ಲಿಗೆ ಹೋಗಿದ್ದೆ. ಬೆಳಗಿನ ಏಳು ಗಂಟೆಗೆ, ಕಿಟಕಿಯಾಚೆ ಕಣವೆಲ್ಲ ಮಂಜಿನಲ್ಲಿ ಮುಳುಗಿದ್ದಾಗ, ಡ್ರಿಫ್ಟ್ ಕಡತದ ಸಂಖ್ಯೆಯನ್ನು ಬರೆದುಕೊಂಡೆ. ಮಧ್ಯಾಹ್ನ ಕೋಣೆ ಬೆಚ್ಚಗಾದ ಮೇಲೆ ತೆರೆದು ನೋಡಿದರೆ ಅದು ದಶಲಕ್ಷಕ್ಕೆ ಒಂದು ಭಾಗಕ್ಕಿಂತ ತುಸು ಹೆಚ್ಚು ಸರಿದಿತ್ತು. ಸ್ಫಟಿಕಕ್ಕೆ ಚಳಿ ತಾಗಿದ್ದನ್ನು ಎನ್‌ಟಿಪಿ ತಾನಾಗಿ ಗಮನಿಸಿ, ತಿದ್ದಿಕೊಂಡು, ಬರೆದಿಟ್ಟಿತ್ತು. ತೂಕದ ಕಡತದಲ್ಲಿ ಆ ಬೆಳಗಿನ ಸಾಲುಗಳೆಲ್ಲ ಒಂದರ ಕೆಳಗೊಂದು ಸರಿಯಾದ ಹೊತ್ತಿನಲ್ಲೇ ಇದ್ದವು.