ಚೀಲದಲ್ಲಿರುವ ಅಡಿಕೆಗೂ ಬಡ್ಡಿ ಓಡುತ್ತದೆ

ಮಲೆನಾಡಿನ ಅಡಿಕೆ ಬೆಳೆಗಾರರ ಸಾಲದ ಲೆಕ್ಕ ನೋಡುವವರು ವರ್ಷಕ್ಕೆ ಹತ್ತಾರು ಸಲ ಕೇಳುವ ಮಾತೊಂದಿದೆ: ‘ಮಾಲು ಮನೇಲೇ ಇದೆ ಸಾರ್. ರೇಟು ಬರ್ಲಿ ಅಂತ ಇಟ್ಟಿದೀವಿ. ಇಟ್ಕೊಂಡ್ರೆ ಖರ್ಚೇನಿಲ್ವಲ್ಲ.’ ಮಾಲು ಇಡುವುದು ತಪ್ಪಲ್ಲ. ಇಟ್ಟರೆ ಖರ್ಚಿಲ್ಲ ಎಂದುಕೊಳ್ಳುವುದು ಮಾತ್ರ ದೊಡ್ಡ ತಪ್ಪು. ಎಷ್ಟು ಸಲ ಹೇಳಿದರೂ ಮುಂದಿನ ವರ್ಷ ಅದೇ ಮಾತು ತಿರುಗಿ ಬರುವುದರಿಂದ ಇಲ್ಲಿ ಲೆಕ್ಕವನ್ನೇ ಬಿಡಿಸಿಡುತ್ತೇನೆ.

ಜನವರಿಯಲ್ಲಿ ನಿಮ್ಮ ಹತ್ತಿರ 10 ಕ್ವಿಂಟಲ್ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆಯ ಒಂದು ಬಗೆ) ಇದೆ, ದರ ಕ್ವಿಂಟಲ್‌ಗೆ 48,000 ರೂಪಾಯಿ ಎಂದುಕೊಳ್ಳಿ. ಅಂದೇ ಕೊಟ್ಟರೆ 4,80,000 ಕೈಗೆ ಬರುತ್ತದೆ. ನೀವು ಕೊಡಲಿಲ್ಲ. ತೋಟದ ಕೂಲಿ, ಗೊಬ್ಬರ, ಮಗಳ ಕಾಲೇಜು ಶುಲ್ಕಕ್ಕೆಂದು ಅಷ್ಟೇ ಮೊತ್ತವನ್ನು ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದಿರಿ. ನೂರಕ್ಕೆ ತಿಂಗಳಿಗೆ ಎರಡು ಎಂದರೆ ವರ್ಷಕ್ಕೆ ಶೇಕಡಾ 24. ತಿಂಗಳಿಗೆ 9,600 ರೂಪಾಯಿಯಂತೆ ಸೆಪ್ಟೆಂಬರ್‌ವರೆಗಿನ ಎಂಟು ತಿಂಗಳಿಗೆ 76,800. ತೇವ ಆರಿ ಕ್ವಿಂಟಲ್‌ಗೆ 3 ಕಿಲೋ ತೂಕ ಇಳಿದರೆ ಉಳಿಯುವುದು 9.7 ಕ್ವಿಂಟಲ್. ಚೆನ್ನಾಗಿ ಒಣಗಿದ ಮಾಲಿನಲ್ಲಿ ಇಷ್ಟು ಇಳಿಯದು, ಅವಸರದಲ್ಲಿ ಚೀಲ ತುಂಬಿದ್ದರೆ ಇದಕ್ಕಿಂತ ಹೆಚ್ಚೇ ಇಳಿದೀತು.

ಈಗ ಸೆಪ್ಟೆಂಬರ್‌ನಲ್ಲಿ ದರ 54,000 ಆಯಿತು. ಕ್ವಿಂಟಲ್‌ಗೆ 6,000 ಹೆಚ್ಚು ಸಿಕ್ಕಿತು, ಕಾದದ್ದು ಸಾರ್ಥಕ ಎಂದು ಊರೆಲ್ಲ ಹೇಳುತ್ತದೆ. ಲೆಕ್ಕ ಹಾಕಿ. 9.7 ಕ್ವಿಂಟಲ್‌ಗೆ 5,23,800. ಬಡ್ಡಿ ಕಳೆದರೆ 4,47,000. ಜನವರಿಯಲ್ಲೇ ಕೊಟ್ಟಿದ್ದಕ್ಕಿಂತ 33,000 ಕಡಿಮೆ. ದರ 57,400 ಮುಟ್ಟಿದರೆ ಮಾತ್ರ ನೀವು ಜನವರಿಯಲ್ಲಿ ನಿಂತ ಜಾಗಕ್ಕೆ ವಾಪಸ್ ಬರುತ್ತೀರಿ. ಲಾಭ ಶುರುವಾಗುವುದು ಅದರ ಮೇಲೆ. ಬಾಡಿಗೆ ಗೋದಾಮು, ಹಮಾಲಿ, ಚೀಲ ಬದಲಿಸಿದ ಖರ್ಚು ಇದರಲ್ಲಿ ಸೇರಿಲ್ಲ.

‘ನನಗೆ ಸಾಲವೇ ಇಲ್ಲ’ ಎನ್ನುವವರು ಇಲ್ಲಿಗೆ ಓದು ನಿಲ್ಲಿಸಬೇಡಿ. ಅದೇ 4,80,000ವನ್ನು ಶೇಕಡಾ 7ರ ಠೇವಣಿಯಲ್ಲಿಟ್ಟಿದ್ದರೆ ಎಂಟು ತಿಂಗಳಿಗೆ 22,400 ಬರುತ್ತಿತ್ತು. ಅದು ಬಾರದೇ ಹೋದದ್ದೂ ನಿಮ್ಮ ಖರ್ಚೇ. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎನ್ನುವುದು ಇದಕ್ಕೇ. ಜೇಬಿನಿಂದ ಹೋಗದ ಕಾರಣ ಕಣ್ಣಿಗೆ ಕಾಣುವುದಿಲ್ಲ. ಅದನ್ನೂ ಸೇರಿಸಿದರೆ ಸಾಲವಿಲ್ಲದವರಿಗೂ ದರ 51,800ರ ಹತ್ತಿರ ಬಂದರಷ್ಟೇ ಸರಿಸಮ.

ಮಂಡಿಯಿಂದ, ಅಂದರೆ ಮಾಲು ಮಾರಿಸಿಕೊಡುವ ಅಂಗಡಿಯಿಂದ, ಮುಂಗಡ ತಂದವರದ್ದು ಇನ್ನೂ ಕಷ್ಟ. ಬಡ್ಡಿಯನ್ನು ಅವರು ಕೈಯಾರೆ ಕಟ್ಟುವುದಿಲ್ಲ, ಮಾಲು ಹಾಕಿದ ದಿನ ಮಂಡಿಯವರೇ ಪಟ್ಟಿಯಲ್ಲಿ (ಮಾರಾಟದ ಲೆಕ್ಕದ ಚೀಟಿಯಲ್ಲಿ) ಮುರಿದುಕೊಳ್ಳುತ್ತಾರೆ. ಹಾಗಾಗಿ ಪಟ್ಟಿಯ ಮೇಲ್ಭಾಗದ ದರವನ್ನು ಮಾತ್ರ ನೋಡಿ ಮಡಚಿಡುವ ಅಭ್ಯಾಸ. ದಯವಿಟ್ಟು ಕಳೆದ ವರ್ಷದ ಪಟ್ಟಿ ತೆಗೆದು ಕೆಳಗಿನ ಸಾಲುಗಳನ್ನು ಓದಿ: ತೂಕ, ಹಮಾಲಿ, ಮುಂಗಡದ ಅಸಲು, ಬಡ್ಡಿ, ನಿವ್ವಳ. ನಿವ್ವಳವನ್ನು ಕ್ವಿಂಟಲ್‌ಗೆ ಭಾಗಿಸುವಾಗ ಅಸಲನ್ನು ತಿರುಗಿ ಕೂಡಿಸಿಕೊಳ್ಳಿ, ಬಡ್ಡಿಯನ್ನು ಕೂಡಿಸಬೇಡಿ. ನಿಮಗೆ ಸಿಕ್ಕ ನಿಜವಾದ ದರ ಅದು.

ಸಂಘದ ಬೆಳೆಸಾಲದ ವಿಚಾರದಲ್ಲಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಹಕಾರ ಸಂಘಗಳ ಶೂನ್ಯ ಬಡ್ಡಿ ಸೌಲಭ್ಯ ಇರುವುದು ಗಡುವಿನೊಳಗೆ ತೀರಿಸಿದವರಿಗೆ. ಮನೆಯಲ್ಲಿ ಹತ್ತು ಚೀಲ ಅಡಿಕೆ ಇಟ್ಟುಕೊಂಡು, ಕ್ವಿಂಟಲ್‌ಗೆ ಇನ್ನೆರಡು ಸಾವಿರ ಬರಲಿ ಎಂದು ಗಡುವು ದಾಟಿಸಿ, ಇಡೀ ಸಾಲಕ್ಕೆ ಬಡ್ಡಿ ಬೀಳುವಂತೆ ಮಾಡಿಕೊಳ್ಳುವವರಿದ್ದಾರೆ. ಅವರೇನೂ ತಿಳಿಯದವರಲ್ಲ. ತೋಟದಲ್ಲಿ ಒಂದು ಹಿಡಿ ಗೊಬ್ಬರ ಹಾಳಾಗಲು ಬಿಡದ ಜನ.

ಇಷ್ಟು ಲೆಕ್ಕ ತೋರಿಸಿದ ಮೇಲೂ ಬರುವ ಉತ್ತರ ಹೀಗಿರುತ್ತದೆ: ‘ನನಗೇ ಕ್ವಿಂಟಲ್‌ಗೆ ಇಷ್ಟು ಬಿದ್ದಿದೆ, ಅದಕ್ಕಿಂತ ಕಡಿಮೆಗೆ ಹೇಗೆ ಕೊಡಲಿ?’ ಕೊನೆ (ಅಡಿಕೆ ಗೊಂಚಲು) ತೆಗೆಸಿದ್ದು, ಸುಲಿಸಿದ್ದು, ಬೇಯಿಸಿದ್ದು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದು ಎಲ್ಲವೂ ಆಗಿ ಹೋದ ಖರ್ಚು. ಇವತ್ತು ಕೊಟ್ಟರೂ ಅದು ವಾಪಸ್ ಬಾರದು, ಡಿಸೆಂಬರ್‌ನಲ್ಲಿ ಕೊಟ್ಟರೂ ಬಾರದು. ಮುಂದಿನ ವರ್ಷ ಯಾವ ಕೆಲಸಕ್ಕೆ ಎಷ್ಟು ಹಾಕಬೇಕು ಎಂದು ತೀರ್ಮಾನಿಸಲು ಆ ಅಂಕಿ ಬೇಕು. ಈಗಿರುವ ಚೀಲ ಕೊಡುವುದೋ ಬಿಡುವುದೋ ಎಂಬುದಕ್ಕೆ ಅದರಿಂದ ಏನೂ ಸಿಗದು. 2014ರಲ್ಲಿ ಕಂಡ ದರವೂ ಅಷ್ಟೇ. ಆ ವರ್ಷ ಕೆಂಪಡಿಕೆ ಯಾರೂ ಎಣಿಸದಷ್ಟು ಏರಿತು, ಮುಂದಿನ ಎರಡು ವರ್ಷದೊಳಗೆ ಅರ್ಧಕ್ಕಿಂತ ಕೆಳಗೆ ಬಂತು. ಮತ್ತೆ ಅದೇ ದರ ಬರುತ್ತದೆಂದು ಇಳಿಯುವ ಪೇಟೆಯಲ್ಲಿ ಚೀಲ ಹಿಡಿದು ಕೂತವರು ಸಾಲ ತೀರಿಸಲು ಪಟ್ಟ ಪಾಡು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು.

ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಮನೆಯಲ್ಲಿ ಅಡಿಕೆ ಇಲ್ಲ, ಕೈಯಲ್ಲಿ 4,80,000 ನಗದು ಇದೆ ಎಂದುಕೊಳ್ಳಿ. ಇವತ್ತಿನ ದರಕ್ಕೆ ಪೇಟೆಯಿಂದ 10 ಕ್ವಿಂಟಲ್ ಕೊಂಡು ತಂದು ಅಟ್ಟಕ್ಕೆ ಹಾಕುತ್ತೀರಾ? ‘ಅಯ್ಯೋ, ಅದು ವ್ಯಾಪಾರಿಗಳ ಕೆಲಸ, ನಮಗ್ಯಾಕೆ ಸಾರ್’ ಎಂದರೆ ನಿಮ್ಮ ಮಾಲನ್ನೂ ಕೊಡಬೇಕು. ಕೊಡದೆ ಇಟ್ಟ ಪ್ರತಿ ದಿನವೂ ನೀವು ಆ ವ್ಯಾಪಾರವನ್ನೇ ಮಾಡುತ್ತಿದ್ದೀರಿ. ಇದನ್ನು ಒಪ್ಪಲು ಜನಕ್ಕೆ ಬಹಳ ಕಷ್ಟ. ಕೊಳ್ಳುವುದಕ್ಕೆ ಕೈಯಿಂದ ಹಣ ಹೋಗಬೇಕು, ಇಟ್ಟುಕೊಳ್ಳುವುದಕ್ಕೆ ಏನೂ ಮಾಡಬೇಕಿಲ್ಲ, ಹಾಗಾಗಿ ಎರಡೂ ಬೇರೆ ಎನಿಸುತ್ತದೆ. ಪರಿಣಾಮ ಮಾತ್ರ ಒಂದೇ: ನಿಮ್ಮ 4,80,000 ಅಡಿಕೆಯ ರೂಪದಲ್ಲಿ ಕೂತಿದೆ, ಬೇರೆ ಯಾವುದಕ್ಕೂ ಸಿಗುತ್ತಿಲ್ಲ.

‘ಈ ಸಲ ಎಲೆಚುಕ್ಕೆ ರೋಗದಿಂದ ಬೆಳೆ ಕಡಿಮೆ, ರೇಟು ಏರಲೇಬೇಕು’ ಎಂಬ ವಾದಕ್ಕೂ ಹುಷಾರಾಗಿರಿ. ಆ ಸುದ್ದಿ ನಿಮಗಿಂತ ಮೊದಲೇ ಶಿವಮೊಗ್ಗ, ಶಿರಸಿ, ಚನ್ನಗಿರಿಯ ವ್ಯಾಪಾರಿಗಳಿಗೆ ಗೊತ್ತು, ಇವತ್ತಿನ ದರದಲ್ಲಿ ಅದು ಆಗಲೇ ಸೇರಿದೆ. ಕನಿಷ್ಠ ಆಮದು ದರದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದು ಹೊರಗಿನ ಅಗ್ಗದ ಮಾಲಿಗೆ ಹಾಕಿದ ತಡೆ. ನಿಮ್ಮ ಅಡಿಕೆಯನ್ನು ಆ ದರಕ್ಕೆ ಯಾರಾದರೂ ಕೊಳ್ಳುತ್ತಾರೆ ಎಂಬ ಭರವಸೆ ಅಲ್ಲ.

ದರ ಏರುತ್ತದೋ ಇಳಿಯುತ್ತದೋ ನಾನು ಹೇಳಲಾರೆ. ಏರಿದರೂ ಏರೀತು, ಕಾದವರು ಗೆದ್ದ ವರ್ಷಗಳೂ ಇವೆ. ಅದಕ್ಕೇ ಎಲ್ಲವನ್ನೂ ಒಂದೇ ದಿನ ಕೊಡಿ ಎನ್ನುವುದಿಲ್ಲ. ಮೊದಲು ಸಾಲಗಳನ್ನು ಬಡ್ಡಿಯ ಲೆಕ್ಕದಲ್ಲಿ ಮೇಲಿಂದ ಕೆಳಗೆ ಬರೆಯಿರಿ: ಕೈಸಾಲ, ಮಂಡಿ ಮುಂಗಡ, ಚಿನ್ನದ ಸಾಲ, ಸಂಘದ ಸಾಲ. ಮೊದಲಿನ ಎರಡನ್ನು ತೀರಿಸುವಷ್ಟು ಮಾಲು ಒಣಗಿದ ಕೂಡಲೇ ಹೋಗಲಿ. ಸಂಘದ ಸಾಲಕ್ಕೆ ಬೇಕಾದಷ್ಟು ಗಡುವಿಗೆ ಒಂದು ತಿಂಗಳು ಮುಂಚೆ ಹೋಗಲಿ, ಕೊನೆಯ ವಾರ ಎಲ್ಲರೂ ಪೇಟೆಗೆ ಬರುತ್ತಾರೆ. ಮಿಕ್ಕಿದ್ದನ್ನು ಇಡಬಹುದು. ಇಡುವ ದಿನವೇ ಇಷ್ಟು ದರ ಬಂದರೆ, ಇಲ್ಲವೇ ಈ ತಾರೀಕು ಬಂದರೆ ಕೊಡುತ್ತೇವೆ ಎಂದು ಬರೆದು, ಮನೆಯವರಿಗೂ ತೋರಿಸಿ. ಬರೆಯದಿದ್ದರೆ 52 ಸಾವಿರ ಬಂದಾಗ 55 ಬರಲಿ ಎನಿಸುತ್ತದೆ, 49ಕ್ಕೆ ಇಳಿದಾಗ 52 ಬಂದರೆ ಸಾಕಿತ್ತು ಎನಿಸುತ್ತದೆ.

ಕರಾವಳಿಯ ಚಾಲಿ (ಬೇಯಿಸದೆ ಬಿಸಿಲಿಗೆ ಒಣಗಿಸಿದ ಅಡಿಕೆ) ಬೆಳೆಗಾರರ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್ ಎಂದು ವಯಸ್ಸಿನ ಮೇಲೆ ದರ ಬೇರೆಯಾಗುತ್ತದೆ, ಹಳೆಯ ಮಾಲಿಗೆ ಸಾಮಾನ್ಯವಾಗಿ ಹೆಚ್ಚು. ಇಡುವುದಕ್ಕೆ ಅಲ್ಲಿ ನಿಜವಾದ ಪ್ರತಿಫಲ ಇದೆ. ಆದರೂ ಹೊಸದಕ್ಕೂ ಹಳೆಯದಕ್ಕೂ ಇರುವ ಅಂತರವನ್ನು ವರ್ಷದ ಬಡ್ಡಿಯ ಪಕ್ಕ ಇಟ್ಟು ನೋಡಬೇಕು. ಕೆಂಪಡಿಕೆಯಲ್ಲಿ ಮಳೆಗಾಲ ಕಳೆದಂತೆ ಬಣ್ಣ ಕುಂದುವ ಭಯ ಹೆಚ್ಚು. ಜುಲೈನಲ್ಲಿ ಗೋಡೆಗೆ ತಾಗಿದ ಚೀಲದ ಬಾಯಿ ಬಿಚ್ಚಿ ತಳದವರೆಗೆ ಕೈ ಹಾಕಿ ನೋಡಿ. ಮೇಲಿನದು ಗಣಗಣ ಎನ್ನುತ್ತಿದ್ದರೂ ತಳದಲ್ಲಿ ಅಂಗೈಗೆ ತಂಪು ತಗುಲಿ, ಬೂಷ್ಟಿನ ವಾಸನೆ ಬಂದರೆ ಆ ಚೀಲಕ್ಕೆ ನೀವು ಬರೆದಿಟ್ಟ ತಾರೀಕು ಅನ್ವಯಿಸುವುದಿಲ್ಲ. ಬಿಸಿಲು ಸಿಕ್ಕ ಮೊದಲ ದಿನ ಒಣಗಿಸಿ, ಅದೇ ವಾರ ಪೇಟೆಗೆ ಕಳಿಸಿ.