ಸುನ್ನತ್‌ಗೆ ಕ್ಲ್ಯಾಂಪ್ ಸುರಕ್ಷಿತವಾ, ‘ಲೇಸರ್’ ಒಳ್ಳೇದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಉಪ್ಪಳ. ಮಗನಿಗೆ ಈಗ 20 ದಿನ. ನಲವತ್ತು ದಿನದ ಒಳಗೆ ಸುನ್ನತ್ (ಮುಂದೊಗಲು ತೆಗೆಸುವುದು) ಮಾಡಿಸಬೇಕು ಅಂತಿದ್ದೇವೆ. ಆಸ್ಪತ್ರೆಯಲ್ಲಿ ಕ್ಲ್ಯಾಂಪ್ ಹಾಕಿ ಮಾಡ್ತೇವೆ ಅಂದರು. ಮನೆಯವರು ಮಾತ್ರ, ಕ್ಲ್ಯಾಂಪ್ ಅಪಾಯ, ಲೇಸರ್ ಮಾಡಿಸು, ರಕ್ತವೇ ಬರಲ್ಲ ಅಂತಾರೆ. ಯಾವುದು ಒಳ್ಳೇದು?

ಕಾಸರಗೋಡಿನ ಕಡೆ ಮಂಜೇಶ್ವರದಿಂದ ಚೆರ್ಕಳದವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ಮಗು ಆರೋಗ್ಯವಾಗಿದ್ದು, ಮಾಡುವವರ ಕೈ ಪಳಗಿದ್ದರೆ ಕ್ಲ್ಯಾಂಪ್, ಅಂದರೆ ಮುಂದೊಗಲನ್ನು ಒತ್ತಿ ಹಿಡಿಯುವ ಸಾಧನ, ಸುರಕ್ಷಿತ. ವಿಶ್ವ ಆರೋಗ್ಯ ಸಂಸ್ಥೆಯ 2010ರ ಕೈಪಿಡಿಯಲ್ಲಿ ಹಸುಗೂಸುಗಳಿಗೆ ಹೇಳಿರುವ ಸಾಧನಗಳೂ ಇವೇ: ಗೋಮ್ಕೊ, ಮೋಗೆನ್, ಪ್ಲಾಸ್ಟಿಬೆಲ್. ಅದೇ ವರ್ಷ ಪ್ರಕಟವಾದ ಹಲವು ದೇಶಗಳ ಅಧ್ಯಯನಗಳ ಲೆಕ್ಕ ನೋಡಿ. ಸುನ್ನತ್‌ನಿಂದ ಏನಾದರೂ ತೊಂದರೆ ಆದದ್ದು, ಸಣ್ಣಪುಟ್ಟದ್ದೂ ಸೇರಿ, ಹಸುಗೂಸುಗಳಲ್ಲಿ ಸುಮಾರು ಶೇ. 1.5, ದೊಡ್ಡ ಮಕ್ಕಳಲ್ಲಿ ಸುಮಾರು ಶೇ. 6. ಒಸ್ಸಾನ್, ಅಂದರೆ ಸುನ್ನತ್ ಮಾಡುವ ಕ್ಷೌರಿಕ, ಮನೆಗೆ ಬಂದು ಮಾಡುತ್ತಿದ್ದ ಕಾಲ ಹೆಚ್ಚುಕಡಿಮೆ ಮುಗಿಯಿತು. ಅದರ ಜಾಗಕ್ಕೆ ಈಗ ‘ಲೇಸರ್’ ಎಂಬ ಹೊಸ ನಂಬಿಕೆ ಬಂದು ಕೂತಿದೆ.

ಇದನ್ನು ಹೇಳಿ ಹೇಳಿ ಸಾಕಾಗಿದೆ. ಆದರೂ ಹೇಳುತ್ತೇನೆ, ಯಾಕೆಂದರೆ ಮಗುವಿನ ಇಡೀ ಬದುಕಿನ ಪ್ರಶ್ನೆ. ನಮ್ಮ ಕಡೆ ಜನ ಲೇಸರ್ ಅನ್ನುವುದು ಎಷ್ಟೋ ಸಲ ಲೇಸರೇ ಅಲ್ಲ. ಅದು ಕಾಟರಿ, ಅಂದರೆ ಕರೆಂಟಿನ ಬಿಸಿಯಿಂದ ಚರ್ಮ ಕತ್ತರಿಸಿ ರಕ್ತನಾಳವನ್ನು ಸುಟ್ಟು ಮುಚ್ಚುವ ಯಂತ್ರ. ಮಾನೋಪೋಲಾರ್ ಕಾಟರಿಯಲ್ಲಿ ಕರೆಂಟ್ ಪೆನ್ನಿನ ತುದಿಯಿಂದ ಮೈಯೊಳಗೆ ಹೋಗಿ, ತೊಡೆಗೋ ಬೆನ್ನಿಗೋ ಅಂಟಿಸಿದ ಪ್ಲೇಟಿನಿಂದ ಹೊರಗೆ ಬರುತ್ತದೆ. ದೊಡ್ಡವರ ಹೊಟ್ಟೆಯ ಆಪರೇಷನ್ನಿನಲ್ಲಿ ಆ ಕರೆಂಟಿಗೆ ಹರಡಿಕೊಳ್ಳಲು ಜಾಗವಿದೆ. ಹಸುಗೂಸಿನ ಶಿಶ್ನದಲ್ಲಿ ಎಲ್ಲಿದೆ ಜಾಗ? ಕರೆಂಟೆಲ್ಲ ಅದರ ಬುಡದ ಸಪೂರ ದಾರಿಯಲ್ಲೇ ಹೋಗಬೇಕು. ಬಿಸಿಯೂ ಅಲ್ಲೇ ಸೇರುತ್ತದೆ.

ಲೋಹದ ಕ್ಲ್ಯಾಂಪ್ ಹಾಕಿ ಅದರ ಮೇಲೆ ಕಾಟರಿ ಹಿಡಿದರಂತೂ ಮುಗಿಯಿತು. ಲೋಹ ಕರೆಂಟನ್ನು ಸುತ್ತಲಿನ ಎಲ್ಲ ಅಂಗಾಂಶಕ್ಕೂ ಕೊಡುತ್ತದೆ. ಆ ಹೊತ್ತಿಗೆ ರಕ್ತ ಕಾಣಿಸದೇ ಇರಬಹುದು, ಎಲ್ಲರಿಗೂ ಖುಷಿ. ಒಳಗಿನ ಸುಟ್ಟಗಾಯ ಗೊತ್ತಾಗುವುದು ಆಮೇಲೆ, ತುದಿ ಕಪ್ಪಾದಾಗ. ಕೆನಡಾದ ವಿನಿಪೆಗ್‌ನಲ್ಲಿ 1966ರಲ್ಲಿ, ಒಂದು ವರ್ಷವೂ ತುಂಬದ ಡೇವಿಡ್ ರೈಮರ್ ಎಂಬ ಮಗುವಿಗೆ ಕಾಟರಿಯಲ್ಲಿ ಸುನ್ನತ್ ಮಾಡಲು ಹೋಗಿ ಶಿಶ್ನ ಸರಿಪಡಿಸಲಾಗದಷ್ಟು ಸುಟ್ಟುಹೋಯಿತು. ವೈದ್ಯರೆಲ್ಲ ಓದುವ ಪ್ರಕರಣ ಇದು.

‘ರಕ್ತವೇ ಬರಲ್ಲ’ ಅನ್ನುವ ಮಾತಿಗೆ ಬರೋಣ. ಕ್ಲ್ಯಾಂಪ್ ಕೂಡ ರಕ್ತ ನಿಲ್ಲಿಸುತ್ತದೆ, ಒತ್ತಡದಿಂದ. ಗೋಮ್ಕೊದಲ್ಲಿ ಶಿಶ್ನದ ತುದಿಯ ಮೇಲೆ ಲೋಹದ ಬೆಲ್ ಕೂರಿಸಿ, ಮುಂದೊಗಲನ್ನು ಅದರ ಮೇಲೆ ಎಳೆದು, ಪ್ಲೇಟಿನ ತೂತಿನಲ್ಲಿ ತೂರಿಸಿ ನಟ್ ಬಿಗಿಯುತ್ತೇವೆ. ಸುಮಾರು 5 ನಿಮಿಷ ಹಾಗೇ ಬಿಟ್ಟರೆ ರಕ್ತನಾಳಗಳು ಅಮುಕಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಬ್ಲೇಡಿನಿಂದ ಕತ್ತರಿಸುವುದು. ತುದಿ ಬೆಲ್ಲಿನ ಒಳಗೆ ಭದ್ರವಾಗಿರುತ್ತದೆ. ಕರೆಂಟು ಬೇಕೇ ಇಲ್ಲ. ಕ್ಲ್ಯಾಂಪ್ ತೆಗೆದ ಮೇಲೆ ಒಂದು ಕಡೆ ರಕ್ತ ಜಿನುಗಿದರೆ ಬೈಪೋಲಾರ್ ಚಿಮಟದಿಂದ ಮುಟ್ಟಿಸಬಹುದು. ಅದರಲ್ಲಿ ಕರೆಂಟ್ ಎರಡು ತುದಿಗಳ ನಡುವೆ ಮಾತ್ರ ಹರಿಯುತ್ತದೆ. ನಿಜವಾದ ಲೇಸರ್ ಇದ್ದರೂ ಕೈ ಪಳಗಿರಲೇಬೇಕು. ಯಂತ್ರದ ಹೆಸರು ಕೇಳಿ ಆಸ್ಪತ್ರೆ ಆರಿಸಬೇಡಿ.

ಹಾಗಂತ ಕ್ಲ್ಯಾಂಪಿಗೆ ತಪ್ಪೇ ಆಗಲ್ಲ ಅಂತಲ್ಲ. ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2000ದಲ್ಲೇ ಎಚ್ಚರಿಸಿತ್ತು. ಗೋಮ್ಕೊ ಮಾದರಿಯಲ್ಲಿ ಒಂದು ಸೆಟ್ಟಿನ ಬೆಲ್ಲನ್ನು ಇನ್ನೊಂದರ ಪ್ಲೇಟಿಗೆ ಹಾಕಿದರೆ ಹಿಡಿತ ಜಾರುತ್ತದೆ, ಸವೆದ ಭಾಗ ಮುರಿಯುತ್ತದೆ. ಮೋಗೆನ್‌ನಲ್ಲಿ ಬೆಲ್ ಇಲ್ಲ. ಅದರ ಬಾಯಿ ಅಳತೆಗಿಂತ ಜಾಸ್ತಿ ತೆರೆದುಕೊಂಡರೆ ಶಿಶ್ನದ ತುದಿಯೂ ಒಳಗೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಬೆಲ್‌ನಲ್ಲಿ ದಾರ ಬಿಗಿದು ಮೈಮೇಲೇ ಬಿಡುವ ಪ್ಲಾಸ್ಟಿಕ್ ರಿಂಗ್ ಸಾಮಾನ್ಯವಾಗಿ 3ರಿಂದ 10 ದಿನದಲ್ಲಿ ತಾನಾಗಿ ಉದುರುತ್ತದೆ. ಉದುರದಿದ್ದರೆ, ಅಥವಾ ಹಿಂದಕ್ಕೆ ಜಾರಿ ಊತ ಬಂದರೆ, ಸುಮ್ನೆ ಕಾಯಬೇಡಿ, ತೋರಿಸಿ.

ಹೋಗುವ ಮೊದಲು ಡಾಕ್ಟರನ್ನು ಕೇಳಿ: ಮೂತ್ರದ ತೂತು ಸರಿ ಜಾಗದಲ್ಲಿದೆಯಾ? ಅದು ಕೆಳಗಿದ್ದರೆ ಸುನ್ನತ್ ಮಾಡಬಾರದು, ಮುಂದೆ ಅದನ್ನು ಸರಿಪಡಿಸಲು ಅದೇ ತೊಗಲು ಬೇಕು. ಹುಟ್ಟಿದಾಗ, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದಾರಾ? ಮರಗಟ್ಟಿಸುವ ಔಷಧ ಕೊಡುತ್ತಾರಾ? ಮಗುವಿನ ಸೋದರಮಾವನಿಗೆ, ತಾಯಿ ಕಡೆಯ ಗಂಡಸರಿಗೆ ಹಲ್ಲು ಕಿತ್ತಾಗ ರಕ್ತ ನಿಲ್ಲದೇ ಹೋದದ್ದುಂಟಾದರೆ ಮರೆಯದೆ ಹೇಳಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ತಾಯಿಯ ಕಡೆಯಿಂದ ಬರುತ್ತದೆ. ಆ ಮಗುವಿಗೆ ಯಾವ ಸಾಧನವೂ ರಕ್ತ ತಡೆಯುವುದಿಲ್ಲ.

3 ಕಿಲೋ ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು 250 ಮಿಲಿ, ದೊಡ್ಡ ಗ್ಲಾಸ್ ಚಹಾದಷ್ಟು. ಡೈಪರ್ ಆ ರಕ್ತವನ್ನು ಹೀರಿ ಮುಚ್ಚಿಡುತ್ತದೆ. ಹಾಗಾಗಿ ಮೊದಲ ರಾತ್ರಿ ಬಿಳಿ ಹತ್ತಿ ಬಟ್ಟೆ ಹಾಕಿ, ಆಗಾಗ ಬಿಚ್ಚಿ ನೋಡಿ. ಮಂಗಳೂರಿನಲ್ಲಿ ಮಾಡಿಸಿ ತಲಪಾಡಿ ಗಡಿ ದಾಟಿ ಬದಿಯಡ್ಕಕ್ಕೋ ಪೆರ್ಲಕ್ಕೋ ಬರುವವರು, ರಾತ್ರಿ ರಕ್ತ ಬಂದರೆ ಹತ್ತಿರದಲ್ಲಿ ಯಾರು ನೋಡುತ್ತಾರೆ ಅಂತ ಮೊದಲೇ ವಿಚಾರಿಸಿಡಿ. 2020ರಲ್ಲಿ ಕೋವಿಡ್ ಅಂತ ಆ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಇಲ್ಲಿನವರಿಗೆ ಗೊತ್ತೇ ಇದೆ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ರೈಮರ್ ಮಗುವನ್ನು ಆಪರೇಷನ್‌ಗೆ ಕಳಿಸಿದ್ದು ಮುಂದೊಗಲು ಬಿಗಿ ಅನ್ನುವ ಕಾರಣಕ್ಕೆ. ಅವನ ಅವಳಿ ತಮ್ಮನಿಗೂ ಅದೇ ತೊಂದರೆ ಇತ್ತು. ಅವನಿಗೆ ಆಪರೇಷನ್ ಮಾಡಲಿಲ್ಲ, ತಾನಾಗಿ ಸರಿಹೋಯಿತು. ಸುನ್ನತ್ ಪದ್ಧತಿ ಇಲ್ಲದ ಮನೆಯವರೂ ಇದೇ ಭಯದಿಂದ ಮಗುವನ್ನು ಎತ್ತಿಕೊಂಡು ಬರುತ್ತಾರೆ. ಹುಟ್ಟಿದ ಹೆಚ್ಚಿನ ಗಂಡುಮಕ್ಕಳಲ್ಲಿ ತೊಗಲು ಹಿಂದೆ ಸರಿಯುವುದೇ ಇಲ್ಲ, ಅದು ರೋಗವಲ್ಲ. ಡೆನ್ಮಾರ್ಕಿನ ಶಾಲಾ ಮಕ್ಕಳ 1968ರ ಅಧ್ಯಯನದಲ್ಲಿ 6-7 ವರ್ಷದವರಲ್ಲಿ ಶೇ. 8 ಮಂದಿಗೆ ಬಿಗಿಯಿತ್ತು, 16-17ಕ್ಕೆ ಬರುವಾಗ ಶೇ. 1 ಮಾತ್ರ. ಸ್ನಾನ ಮಾಡಿಸುವಾಗ ದಯವಿಟ್ಟು ಎಳೆಯಬೇಡಿ. ಎಳೆದರೆ ಬಿರುಕು ಬಿಟ್ಟು, ಮಾಯುವಾಗ ಕಲೆಯಾಗಿ ನಿಜವಾದ ಬಿಗಿ ಬರುತ್ತದೆ. ಎಳೆದ ತೊಗಲು ಹಿಂದೆಯೇ ಸಿಕ್ಕಿಕೊಂಡು ತುದಿ ಊದಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೊರಡಿ.