ಆರ್‌ವಿ ಹಿಂದೆ ಕಾರು ಕಟ್ಟುವ ಮೊದಲು

ಅಮೆರಿಕದ ಗ್ಲೇಸಿಯರ್ ನ್ಯಾಷನಲ್ ಪಾರ್ಕಿನಲ್ಲಿ ಗೋಯಿಂಗ್ ಟು ದ ಸನ್ ರೋಡ್ ಅಂತ ಒಂದು ಘಟ್ಟದ ರಸ್ತೆ ಇದೆ. ಅದರ ಮೇಲ್ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ದೊಡ್ಡ ಆರ್‌ವಿಯನ್ನು, ಅಂದರೆ ಒಳಗೇ ಮನೆಯಂತೆ ಇರಬಹುದಾದ ಗಾಡಿಯನ್ನು, ಕ್ಯಾಂಪಿನಲ್ಲೇ ನಿಲ್ಲಿಸಬೇಕು. ಇಂಥ ಕಾರಣಕ್ಕೇ ಜನ ಕಾರನ್ನೂ ಹಿಂದೆ ಎಳೆದುಕೊಂಡು ಹೋಗುತ್ತಾರೆ. ವರ್ಕ್‌ಶಾಪಿಗೆ ಬಂದವರೆಲ್ಲ ಯಾವ ಟೋ ಬಾರ್ (ಕಾರನ್ನು ಆರ್‌ವಿಗೆ ಕಟ್ಟಿ ಎಳೆಯುವ ಕಬ್ಬಿಣದ ಕೊಂಡಿ) ಒಳ್ಳೆಯದು ಅಂತ ಕೇಳುತ್ತಾರೆ. ಅದು ಆಮೇಲಿನ ಮಾತು. ನಿಮ್ಮ ಕಾರು ಯಾವುದು, ಯಾವ ವರ್ಷದ್ದು, ಮೊದಲು ಅದನ್ನು ಹೇಳಿ.

ನಾಲ್ಕೂ ಚಕ್ರ ರಸ್ತೆ ಮೇಲೇ ಉರುಳುವಂತೆ ಎಳೆಯುವುದು ನನಗೆ ಇಷ್ಟ. ಭಾರ ಕಡಿಮೆ, ಕಟ್ಟಿ ಬಿಚ್ಚಲು ಐದು ಹತ್ತು ನಿಮಿಷ ಸಾಕು. ಆದರೆ ಎಲ್ಲ ಕಾರಿಗೂ ಆಗಲ್ಲ. ಬಹಳಷ್ಟು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳಲ್ಲಿ ಆಯಿಲ್ ಪಂಪ್ ತಿರುಗುವುದು ಎಂಜಿನ್ನಿಂದ, ಎಂಜಿನ್ ಆಫ್ ಮಾಡಿ ಚಕ್ರ ಮಾತ್ರ ಗಂಟೆಗಟ್ಟಲೆ ತಿರುಗಿದರೆ ಒಳಗಿನ ಭಾಗಗಳಿಗೆ ಆಯಿಲ್ ಸಿಗದೆ ಕಾದು ಕೆಟ್ಟುಹೋಗುತ್ತವೆ, ನ್ಯೂಟ್ರಲ್‌ನಲ್ಲಿ ಇಟ್ಟಿದ್ದೆ ಅಂದರೂ ಪ್ರಯೋಜನವಿಲ್ಲ. ಜೀಪ್ ರ‍್ಯಾಂಗ್ಲರ್‌ನಲ್ಲಿ ಟ್ರಾನ್ಸ್‌ಫರ್ ಕೇಸನ್ನೇ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಭಾಗ) ನ್ಯೂಟ್ರಲ್‌ಗೆ ಹಾಕಬಹುದು. ಗೇರ್‌ಬಾಕ್ಸಿನ ತನಕ ತಿರುಗುವಿಕೆ ಹೋಗುವುದೇ ಇಲ್ಲ. ಆರ್‌ವಿ ಹಿಂದೆ ಅಷ್ಟೊಂದು ಜೀಪ್ ಕಾಣುವುದು ಸುಮ್ನೆ ಅಲ್ಲ.

ಹೋಂಡಾ ಸಿಆರ್-ವಿ ನೋಡಿ. ಅಮೆರಿಕದಲ್ಲಿ 2014ರ ಮಾಡೆಲನ್ನು ಹೀಗೆ ಎಳೆಯಬಹುದು. 2015ರಲ್ಲಿ ಸಿವಿಟಿ ಅನ್ನುವ ಬೇರೆ ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಂತು, ಆಮೇಲೆ ಆಗಲ್ಲ. ಹಳೆಯದಕ್ಕೂ ಒಂದು ಕ್ರಮ ಇದೆ: ಎಂಜಿನ್ ಸ್ಟಾರ್ಟ್ ಮಾಡಿ, ಎಲ್ಲ ಗೇರಿಗೂ ಒಮ್ಮೆ ಹಾಕಿ, ಡಿಯಲ್ಲಿ (ಡ್ರೈವ್) ಐದು ಸೆಕೆಂಡ್ ಹಿಡಿದು, ನ್ಯೂಟ್ರಲ್‌ಗೆ ತಂದು ಮೂರು ನಿಮಿಷ ಓಡಿಸಿ ಆಫ್ ಮಾಡಬೇಕು, ಸ್ಟೀರಿಂಗ್ ಲಾಕ್ ಆಗದಂತೆ ಕೀಯನ್ನು ಆಕ್ಸೆಸರಿಯಲ್ಲಿ ಬಿಡಬೇಕು. ನಿಮ್ಮ ಕಾರಿಗೆ ಏನು ಮಾಡಬೇಕು ಅನ್ನುವುದು ಅದರ ಓನರ್ಸ್ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಆಗಲ್ಲ ಅಂತ ಅಲ್ಲಿ ಬರೆದಿದ್ದರೆ ಪಕ್ಕದ ಮನೆಯವರು ಎಳೆದಿದ್ದಾರೆ ಅಂತ ನಂಬಬೇಡಿ.

ಡಾಲಿ ಅಂದರೆ ಎರಡು ಚಕ್ರದ ಸಣ್ಣ ಗಾಡಿ, ಕಾರಿನ ಮುಂದಿನ ಚಕ್ರ ಅದರ ಮೇಲೆ ಕೂರುತ್ತದೆ. ಎಂಜಿನ್ ಮುಂದಿನ ಚಕ್ರವನ್ನಷ್ಟೇ ತಿರುಗಿಸುವ ಫ್ರಂಟ್ ವೀಲ್ ಡ್ರೈವ್ ಕಾರಿಗೆ ಸರಿ. ಆಲ್ ವೀಲ್ ಡ್ರೈವ್ ಇರುವ ಟೊಯೋಟಾ ಹೈಬ್ರಿಡ್‌ಗಳಲ್ಲಿ ಎಷ್ಟೋ ಜನ ಎಡವುತ್ತಾರೆ. ಕೆಳಗೆ ಬಗ್ಗಿ ನೋಡಿದರೆ ಹಿಂದಕ್ಕೆ ಹೋಗುವ ಶಾಫ್ಟ್ ಇರಲ್ಲ, ಆದರೆ ಹಿಂದಿನ ಚಕ್ರಕ್ಕೆ ಬೇರೆ ಮೋಟರ್ ಇರುತ್ತದೆ. ಅದನ್ನು ಉರುಳಿಸಿಕೊಂಡು ಹೋಗಬಾರದು.

ಟ್ರೇಲರ್ ಮೇಲೆ ಯಾವ ಕಾರನ್ನಾದರೂ ಏರಿಸಬಹುದು, ತೊಂದರೆ ಇರುವುದು ತೂಕದ್ದು. ಎಷ್ಟೋ ಪೆಟ್ರೋಲ್ ಆರ್‌ವಿಗಳ ಹಿಚ್ (ಹಿಂದಿನ ಗಾಡಿ ಕಟ್ಟುವ ಕೊಂಡಿ) ಎಳೆಯಬಹುದಾದ ಭಾರ 5,000 ಪೌಂಡ್. ಕಾರು 3,500, ಟ್ರೇಲರ್ 1,800 ಅಂದರೆ ಅಲ್ಲಿಗೇ ಮೀರಿತು. ಹಿಚ್ ತಡೆದರೂ ಆರ್‌ವಿ ಮತ್ತು ಕಾರು ಸೇರಿ ಒಟ್ಟು ಎಷ್ಟಿರಬಹುದು ಅಂತ ಇನ್ನೊಂದು ಮಿತಿ ಇದೆ. ನೀರು, ಸಾಮಾನು, ಜನ ಎಲ್ಲ ತುಂಬಿಸಿ ತೂಕದ ಕಾಟಾದಲ್ಲಿ ನಿಲ್ಲಿಸಿ ನೋಡಿ.

ಖರ್ಚು ಉಳಿಸಲು ಹೋಗಿ, ಎಳೆಯುವ ಕಾರಿಗೆ ಬೇರೆಯಾಗಿ ಹಾಕಿಸುವ ಬ್ರೇಕ್ ಸಿಸ್ಟಮ್ ಬಿಡಬೇಡಿ. ಆರ್‌ವಿ ಬ್ರೇಕ್ ಒತ್ತಿದಾಗ ಹಿಂದಿನ ಕಾರಿನದೂ ಹಿಡಿಯಬೇಕು, ಕೊಂಡಿ ಕಳಚಿದರೆ ತಾನಾಗಿ ಹಿಡಿಯಬೇಕು. ಇನ್ನು ರಿವರ್ಸ್. ಟೋ ಬಾರ್ ಆಗಲಿ ಡಾಲಿ ಆಗಲಿ, ಹಿಂದಕ್ಕೆ ತಳ್ಳಬಾರದು. ಟೋ ಬಾರ್ ಇದ್ದರೆ ಕಾರಿನ ಚಕ್ರ ಒಂದು ಕಡೆ ತಿರುಗಿ ಬಾರ್ ಬಾಗಬಹುದು, ಡಾಲಿ ಆದರೆ ಅಡ್ಡಕ್ಕೆ ಮಡಚಿಕೊಳ್ಳುತ್ತದೆ. ಹಾಗಾಗಿ ಇಕ್ಕಟ್ಟಿನ ಪೆಟ್ರೋಲ್ ಬಂಕಿಗೆ ನುಗ್ಗುವ ಮೊದಲೇ ಹೊರಗೆ ಹೋಗುವ ದಾರಿ ನೋಡಿಕೊಳ್ಳಿ. ಸಿಕ್ಕಿಹಾಕಿಕೊಂಡರೆ ಕಾರು ಬಿಚ್ಚುವುದು ಬಿಟ್ಟು ಬೇರೆ ದಾರಿ ಇಲ್ಲ.